ನಿಮ್ಮೂರ ಹಳ್ಳದಿಂದ ಶುರು ಮಾಡು

ಪ್ರಶ್ನೆ: ಮೇಡಂ, ನಾನು ಬೇಲೂರು ತಾಲ್ಲೂಕಿನವಳು. ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ ನನ್ನ ವಿಷಯಗಳು. ನಮ್ಮ ಮನೆ ಹಿಂದೆ ಒಂದು ಹಳ್ಳ ಇದೆ. ಪ್ರತಿ ವರ್ಷ ಕಾಫಿ ಹಣ್ಣಿನ ಕೊಯ್ಲಿನ ಕಾಲದಲ್ಲಿ ಮೇಲಿನ ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಬಂದು ಹಳ್ಳವೆಲ್ಲ ನಾತ ಹೊಡೆಯುತ್ತದೆ. ದನ ಕೂಡ ಬಾಯಿ ಹಾಕುವುದಿಲ್ಲ. ಪರಿಸರ ಕಾನೂನು ಓದಬೇಕು ಅನ್ನಿಸಿದ್ದು ಅದರಿಂದಲೇ. ಸೀನಿಯರ್ ಒಬ್ಬರ ಹತ್ತಿರ ಪುಸ್ತಕ ತಂದೆ. ಬರೀ ಕಾಯ್ದೆ, ಸೆಕ್ಷನ್, ಇಸವಿ. ಮೂರೇ ದಿನಕ್ಕೆ ಮುಚ್ಚಿಟ್ಟೆ. ಇದರ ಬುಡ ಎಲ್ಲಿದೆ? ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ವಿಜ್ಞಾನದ ಹುಡುಗಿಗೆ ಇದು ಆಗುತ್ತಾ?
– ವಿದ್ಯಾರ್ಥಿನಿ, ಬೇಲೂರು ತಾಲ್ಲೂಕು

ಉತ್ತರ: ಆಗುತ್ತೆ ಕಣಮ್ಮ. ಯಾವ ಪದವಿ ಮಾಡಿದವರೂ ಮೂರು ವರ್ಷದ ಎಲ್‌ಎಲ್.ಬಿ. ಸೇರಬಹುದು. ಅಲ್ಲಿ ಪರಿಸರ ಕಾನೂನು ಎಲ್ಲರೂ ಓದಲೇಬೇಕಾದ ಪತ್ರಿಕೆ. ಆ ವಿಷಯಕ್ಕೆ ಚಿಂತೆ ಬೇಡ.

ಪುಸ್ತಕ ಮುಚ್ಚಿಟ್ಟಿದ್ದಕ್ಕೂ ಬೇಜಾರು ಮಾಡಿಕೊಳ್ಳಬೇಡ. ಹಾಸನದಲ್ಲಿ 22 ವರ್ಷ ಈ ವಿಷಯ ಪಾಠ ಮಾಡಿದವಳು ನಾನು. ಕಾಯ್ದೆಗಳ ಪಟ್ಟಿಯಿಂದ ಶುರು ಮಾಡಿದ ಮಕ್ಕಳು ಪರೀಕ್ಷೆ ಪಾಸಾಗುತ್ತಿದ್ದರು. ಆದರೆ ವಿಷಯ ಅವರ ಒಳಗೆ ಇಳಿಯುತ್ತಿರಲಿಲ್ಲ. ನಿನ್ನ ಹತ್ತಿರ ಒಂದು ಹಳ್ಳ ಇದೆ ಅಲ್ವಾ, ಅಲ್ಲಿಂದ ಶುರು ಮಾಡು.

ಮೇಲಿನವನು ತನ್ನ ಜಾಗದಲ್ಲಿ ಮಾಡಿದ ಕೆಲಸದಿಂದ ಕೆಳಗಿನವನಿಗೆ ನಷ್ಟ ಆದರೆ ಹೊಣೆ ಯಾರದು? ಬುಡ ಅಂದರೆ ಈ ಪ್ರಶ್ನೆಯೇ. ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕನೊಬ್ಬ ನೀರಿನ ಕಟ್ಟೆ ಕಟ್ಟಿಸಿದ. ಆ ನೀರು ನುಗ್ಗಿ ಪಕ್ಕದವನ ಕಲ್ಲಿದ್ದಲು ಗಣಿ ಮುಳುಗಿತು. ತಪ್ಪು ತನ್ನದಲ್ಲ ಎಂದು ಮಾಲೀಕ ವಾದಿಸಿದ. ಅಪಾಯದ ವಸ್ತುವನ್ನು ತಂದಿಟ್ಟುಕೊಂಡವನೇ ಹೊಣೆ ಎಂದು 1868ರಲ್ಲಿ ತೀರ್ಪಾಯಿತು. ರೈಲ್ಯಾಂಡ್ಸ್ ಮತ್ತು ಫ್ಲೆಚರ್ ನಡುವಿನ ಮೊಕದ್ದಮೆ ಅದು. ಆದರೂ ದೈವಾಧೀನ, ಮೂರನೆಯವರ ಕೈವಾಡ ಅಂತ ತಪ್ಪಿಸಿಕೊಳ್ಳಲು ಕೆಲವು ಸಂದಿ ಉಳಿದಿದ್ದವು. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಅನಿಲ ದುರಂತ ಆಯಿತು. ಮರುವರ್ಷ ಡಿಸೆಂಬರ್‌ನಲ್ಲೇ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಂದಿಗಳನ್ನೆಲ್ಲ ಮುಚ್ಚಿತು. ಅಪಾಯಕಾರಿ ಉದ್ದಿಮೆ ನಡೆಸುವವರಿಗೆ ಯಾವ ನೆಪವೂ ಇಲ್ಲ ಎಂದಿತು. ಈ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದು. ನಿನ್ನ ಪುಸ್ತಕದ ಅರ್ಧ ಪಾಠ ಅಲ್ಲೇ ಇದೆ.

ಈಗ ಹಳ್ಳಕ್ಕೆ ಬರೋಣ. ನಾನೂ ಸಕಲೇಶಪುರದ ಕಡೆಯವಳು. ನಮ್ಮ ಮನೆಯಲ್ಲೂ ಪುಟ್ಟ ಪಲ್ಪರ್ ಇತ್ತು. ಆ ನೀರು ಕಣದ ಪಕ್ಕದ ಕಾಲುವೆ ಹಿಡಿದು ಹಳ್ಳಕ್ಕೆ ಹೋಗುತ್ತಿತ್ತು. ಅದು ತಪ್ಪು ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ. ಕಾಲೇಜಿನಲ್ಲಿ 1974ರ ಜಲ ಕಾಯ್ದೆ ಓದುವಾಗ 24ನೇ ಸೆಕ್ಷನ್ ಬಂತು. ಹೊಳೆ, ಬಾವಿಗೆ ಕೊಳಕು ಬಿಡಬಾರದು ಅನ್ನುವ ಸೆಕ್ಷನ್ ಅದು. ಓದುತ್ತಿದ್ದಾಗ ಕಣ್ಣ ಮುಂದೆ ಬಂದದ್ದು ನಮ್ಮ ಮನೆಯ ಕಾಲುವೆ. ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಎರಡು ದಿನ ಮಾತೇ ಆಡಲಿಲ್ಲ. ಮುಂದಿನ ಕೊಯ್ಲಿಗೆ ಹೋದರೆ ಗದ್ದೆ ಬದುವಿನ ಹತ್ತಿರ ಎರಡು ಗುಂಡಿ ತೋಡಿಸಿ, ಸುಣ್ಣದ ಮೂಟೆ ತರಿಸಿಟ್ಟಿದ್ದರು. ಆ ಗುಂಡಿಗಳಷ್ಟು ಚೆನ್ನಾಗಿ ನನಗೆ ಯಾವ ಪ್ರೊಫೆಸರೂ ಪಾಠ ಕಲಿಸಲಿಲ್ಲ.

ಸುಣ್ಣ ಯಾಕೆ ಅಂತ ನಿನಗೆ ಗೊತ್ತು. ಕಾಫಿ ಹಣ್ಣಿನ ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಅದು ಕೊಳೆತು ನೀರು ಹುಳಿಯಾಗುತ್ತದೆ. ಆ ಹುಳಿ ತೆಗೆಯುವುದೇ ಸುಣ್ಣದ ಕೆಲಸ. ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಮೀನು ಸಾಯುವುದು ಅದಕ್ಕೇ. ಕೊಳಕು ಕೊಳೆಯಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗೆ ಬಿಓಡಿ ಅನ್ನುತ್ತಾರೆ. ಅದೇನು ಅಂತ ತರಗತಿಯಲ್ಲಿ ನಿನ್ನ ಪಕ್ಕ ಕೂತವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಿನಗೆ ಬೇಕಾಗಿಲ್ಲ. ವಿಜ್ಞಾನ ಓದಿದ್ದು ಕೊರತೆ ಅಂದುಕೊಂಡಿದ್ದೀಯ. ಅದೇ ನಿನ್ನ ಬಲ.

ಆದರೆ ವಿಜ್ಞಾನ ಒಂದೇ ಸಾಲದು. ನೀನು ಬಾಟಲಿಯಲ್ಲಿ ಹಳ್ಳದ ನೀರು ತುಂಬಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ವಿಷಯ ನಿನಗೆ ಗೊತ್ತಾಗುತ್ತದೆ. ತೋಟದ ಕಾಲುವೆಯಿಂದ ಹೊರಬರುವ ನೀರಿನ ವರದಿ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಬೇಕಾದರೆ ಜಲ ಕಾಯ್ದೆಯ 21ನೇ ಸೆಕ್ಷನ್ ಹೇಳಿದ ಹಾಗೆ ನಡೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಾದರಿ ತೆಗೆಯುವಾಗ ಜಾಗದ ಮಾಲೀಕನಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವನು ಕೇಳಿದರೆ ಮಾದರಿಯನ್ನು ಎರಡು ಪಾಲು ಮಾಡಬೇಕು. ಸೀಲ್ ಹಾಕಬೇಕು, ಸಹಿ ಇರಬೇಕು. ಇಷ್ಟು ಆಗದಿದ್ದರೆ ನೀರು ಎಷ್ಟೇ ಕೊಳಕಿರಲಿ, ವರದಿ ಬಿದ್ದುಹೋಗುತ್ತದೆ. ಮಂಡಳಿ ಸುಮ್ನೆ ಕೂತರೆ ನೀನೇ ಅದಕ್ಕೆ 60 ದಿನದ ನೋಟಿಸ್ ಕೊಟ್ಟು ನ್ಯಾಯಾಲಯಕ್ಕೆ ದೂರು ಒಯ್ಯಬಹುದು. ಅದು 49ನೇ ಸೆಕ್ಷನ್. ಇಸವಿ, ಸೆಕ್ಷನ್ ಅಂತ ನಿನಗೆ ಬೇಸರ ತರಿಸಿದ್ದು ಇವೇ. ಹಳ್ಳದ ದಂಡೆಯಲ್ಲಿ ನಿಂತು ಓದಿದರೆ ಒಂದೊಂದಕ್ಕೂ ಕೆಲಸ ಇದೆ.

ಸಂವಿಧಾನದಲ್ಲಿ ಮೂರು ವಿಧಿ ಗುರುತು ಹಾಕಿಕೋ. 21, 48ಎ, 51ಎ(ಜಿ). ಮೊದಲನೆಯದು ಬದುಕುವ ಹಕ್ಕು. ಶುದ್ಧ ನೀರು, ಗಾಳಿ ಅದರೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಉಳಿದೆರಡು 1976ರ 42ನೇ ತಿದ್ದುಪಡಿಯಲ್ಲಿ ಬಂದವು. ಪರಿಸರ ಕಾಪಾಡುವುದು ಸರ್ಕಾರದ ಕೆಲಸ ಅನ್ನುತ್ತದೆ ಒಂದು, ನಮ್ಮೆಲ್ಲರ ಕೆಲಸ ಅನ್ನುತ್ತದೆ ಇನ್ನೊಂದು. ನೀರು ರಾಜ್ಯಗಳ ಪಟ್ಟಿಯ ವಿಷಯ, ಅಂದರೆ ಅದರ ಬಗ್ಗೆ ಕಾನೂನು ಮಾಡುವುದು ರಾಜ್ಯಗಳ ಕೆಲಸ. ಹಾಗಿದ್ದೂ ಪಾರ್ಲಿಮೆಂಟ್ ಜಲ ಕಾಯ್ದೆ ಮಾಡಿದ್ದು ಹೇಗೆ? ಕೆಲವು ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಂಡಿದ್ದರಿಂದ. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದನ್ನು ಓದಿದಾಗಲೆಲ್ಲ ನನಗೆ ಹೆಮ್ಮೆ ಅನ್ನಿಸುತ್ತದೆ.

ಇಂಗ್ಲಿಷ್ ವಿಷಯ. ತೀರ್ಪನ್ನು ಮೊದಲ ಪುಟದಿಂದ ಓದಬೇಡ. ಏನು ನಡೆಯಿತು ಅನ್ನುವ ಭಾಗ ಹುಡುಕಿ ಓದು. ಅದನ್ನು ಕನ್ನಡದಲ್ಲಿ, ನಿನ್ನ ಅಮ್ಮನಿಗೆ ಅರ್ಥ ಆಗುವ ಹಾಗೆ, ಒಂದು ಪುಟ ಬರೆ. ಆಮೇಲೆ ಕೋರ್ಟ್ ಏನು ಹೇಳಿತು ಅಂತ ನೋಡು. ಮೊದಲಿಗೆ ಮಧ್ಯಪ್ರದೇಶದ ರತ್ಲಾಂ ಊರಿನ ಬಗ್ಗೆ ಸುಪ್ರೀಂ ಕೋರ್ಟ್ 1980ರಲ್ಲಿ ಕೊಟ್ಟ ತೀರ್ಪು ತೆಗೆದುಕೋ. ಚರಂಡಿ ನಾತ ತಡೆಯಲಾರದೆ ಬೀದಿಯ ಜನ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಪುರಸಭೆ ದುಡ್ಡಿಲ್ಲ ಅಂದಿತು. ದುಡ್ಡಿಲ್ಲ ಅನ್ನುವುದು ಉತ್ತರವಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಆಗ ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ ಅದು 152. ಅದಕ್ಕೇ ಹೇಳುತ್ತೇನೆ, ಸೀನಿಯರ್ ಕೊಟ್ಟ ಪುಸ್ತಕ ಯಾವ ವರ್ಷದ್ದು ಅಂತ ಮೊದಲು ನೋಡು.

ಎರಡನೆಯದು ಕುದುರೆಮುಖದ ತೀರ್ಪು. 2002ರ ಅಕ್ಟೋಬರ್ 30ರದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. 30 ವರ್ಷದ ಗುತ್ತಿಗೆ 1999ಕ್ಕೇ ಮುಗಿದಿತ್ತು. ಗಣಿಯನ್ನು 2005ರ ಕೊನೆಗೆ ಮುಚ್ಚಬೇಕು ಎಂದಿತು ಕೋರ್ಟ್. ಅರ್ಜಿ ಹಾಕಿದ್ದು ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ. ಪಕ್ಕದ ಜಿಲ್ಲೆಯ ಕಥೆ, ನೋಡಿದ ಬೆಟ್ಟ. ಇಂಗ್ಲಿಷ್ ಕಷ್ಟವಾದರೂ ಬಿಡಲು ಮನಸ್ಸು ಬರುವುದಿಲ್ಲ.

ಪ್ರಶ್ನೆ: ಆಲ್ದೂರು ಕಡೆ ನನಗೆ 6 ಎಕರೆ ಕಾಫಿ ತೋಟ ಇದೆ. ಮಗ ಪಿಯುಸಿ ಮುಗಿಸಿ ಐದು ವರ್ಷದ ಕಾನೂನು ಓದುತ್ತೇನೆ, ಅದರಲ್ಲೂ ಪರಿಸರ ಕಾನೂನು ಅಂತಾನೆ. ಮರ ಕಡಿಯಲು ಅನುಮತಿ, ಪಲ್ಪರ್‌ಗೆ ಅನುಮತಿ, ನಮ್ಮಂಥ ಬೆಳೆಗಾರರಿಗೆ ಇದೇ ಕಾನೂನಿನ ಕಾಟ ಅಲ್ವಾ? ಹೊಟ್ಟೆಪಾಡಾದರೂ ಆಗುತ್ತಾ?
– ಬೆಳೆಗಾರ, ಚಿಕ್ಕಮಗಳೂರು

ಉತ್ತರ: ನಿಮ್ಮ ಕಷ್ಟ ನನಗೆ ಗೊತ್ತು ಸ್ವಾಮಿ. ಸಣ್ಣ ತೋಟದವರಿಗೆ ಕಚೇರಿ ಅಲೆದಾಟ ಜಾಸ್ತಿ. ಆದರೆ ಈ ಕಾನೂನು ಯಾರಿಗಾಗಿ ಬೆಳೆಯಿತು ನೋಡಿ. ತಮಿಳುನಾಡಿನ ವೆಲ್ಲೂರಿನ ಸುತ್ತ ಚರ್ಮ ಹದ ಮಾಡುವ ಕಾರ್ಖಾನೆಗಳ ನೀರು ಪಾಲಾರ್ ನದಿ, ಬಾವಿ, ಹೊಲ ಸೇರಿತು. ಸುಮಾರು 35,000 ಹೆಕ್ಟೇರ್ ಬೇಸಾಯದ ಭೂಮಿ ಕೆಟ್ಟಿತ್ತು ಎಂದು ಸುಪ್ರೀಂ ಕೋರ್ಟಿನ 1996ರ ತೀರ್ಪಿನಲ್ಲೇ ಇದೆ. ಕೆಡಿಸಿದವನೇ ದುಡ್ಡು ಕೊಡಬೇಕು, ಹಾನಿ ಆಗುವ ಮೊದಲೇ ಎಚ್ಚರ ಬೇಕು, ಹಾನಿಯಿಲ್ಲ ಎಂದು ತೋರಿಸುವುದು ಉದ್ದಿಮೆಯವನ ಹೊರೆ. ಈ ಮೂರೂ ನಮ್ಮ ದೇಶದ ಕಾನೂನು ಎಂದು ಕೋರ್ಟ್ ಹೇಳಿದ್ದು ಅಲ್ಲೇ. ಹೊಲ ಕಳೆದುಕೊಂಡದ್ದು ನಿಮ್ಮಂಥವರೇ. ನಾಳೆ ನಿಮ್ಮ ತೋಟದ ಮೇಲ್ಗಡೆ ಯಾರೋ ಗುಡ್ಡ ಬಗೆದು ರೆಸಾರ್ಟ್ ಕಟ್ಟಿ, ಅದರ ಮಣ್ಣು ನಿಮ್ಮ ಕೆರೆಗೆ ಬಂದರೆ ನಿಮಗೆ ಬೇಕಾಗುವುದೂ ಇದೇ.

ಆಲೂರು, ಸಕಲೇಶಪುರದ ಆನೆ ಸಮಸ್ಯೆಯೂ ಇದೇ ದಾರಿಯಲ್ಲಿ ಹೈಕೋರ್ಟಿಗೆ ಹೋಗಿ, 2012ರಲ್ಲಿ ಆನೆ ಕಾರ್ಯಪಡೆಯ ವರದಿ ಬಂತು. ಅಲ್ಲೂ ಬೆಳೆ ಕಳೆದುಕೊಂಡವರ ಪರ ಮಾತಾಡಲು ಕಾನೂನು ಬಲ್ಲ ನಮ್ಮ ಕಡೆಯ ಮಕ್ಕಳು ಬೇಕು.

ಹೊಟ್ಟೆಪಾಡು ಆಗುತ್ತದೆ. ಪರಿಸರದ ಮೊಕದ್ದಮೆಗಳಿಗೆಂದೇ ಹಸಿರು ನ್ಯಾಯಮಂಡಳಿ ಇದೆ. ದಕ್ಷಿಣದ ಪೀಠ ಚೆನ್ನೈನಲ್ಲಿದೆ. ಕಂಪನಿಗಳಿಗೂ ಈ ವಿಷಯ ಬಲ್ಲವರು ಬೇಕು. ಆದರೆ ವಕೀಲಿಕೆಗೆ ನಿಂತರೆ ಮೊದಲ ಮೂರು ನಾಲ್ಕು ವರ್ಷ ಕೈಗೆ ಹೆಚ್ಚೇನೂ ಬರುವುದಿಲ್ಲ. ಆಗ ರೂಮಿನ ಬಾಡಿಗೆ ನೀವೇ ಕಳಿಸಬೇಕಾಗುತ್ತದೆ. ಮಗನ ಜೊತೆ ಕೂತು ಆ ಲೆಕ್ಕ ಈಗಲೇ ಹಾಕಿಬಿಡಿ.