ಗಾಣದ ಒಲೆ ಎಳೆಯುತ್ತಿಲ್ಲ, ಅಡಿಗೆ ತಡವಾಗುತ್ತಿದೆ: ಎಲ್ಲಿಂದ ನೋಡಬೇಕು

ಮುಧೋಳದ ಅಣ್ಣಾವ್ರ, ನಿಮ್ಮ ತೊಂದರೆ ಹಿಂಗಿದೆ: ಒಂದೇ ಕೊಪ್ಪರಿಗೆಯ ಬೆಲ್ಲದ ಗಾಣ, ಒಂದು ಅಡಿಗೆಗೆ (ಒಂದು ಸಲ ಕಾಯಿಸುವುದಕ್ಕೆ) 700 ಲೀಟರ್ ಕಬ್ಬಿನ ಹಾಲು. ಹೋದ ಹಂಗಾಮಿನಲ್ಲಿ ಮೂರು ತಾಸಿಗೆ ಪಾಕ ಇಳಿಯುತ್ತಿತ್ತು, ಈ ಸಲ ನಾಲ್ಕೂವರೆ ತಾಸು ಹಿಡಿಯುತ್ತಿದೆ. ಒಲೆಯ ಬಾಯಿಂದ ಹೊಗೆ ಹಿಂದಕ್ಕೆ ಬರುತ್ತದೆ, ಚಿಮಣಿಯಲ್ಲಿ ಕಪ್ಪು ಹೊಗೆ, ಹಿಂಡಿದ ಕಬ್ಬಿನ ಸಿಪ್ಪೆ ಸಾಲದೆ ಜಾಲಿ ಕಟ್ಟಿಗೆ ಕೊಳ್ಳುತ್ತಿದ್ದೀರಿ. ಇದಕ್ಕೆ ಗುಂಪಿನಲ್ಲಿ ಮೂರು ಮದ್ದು ಬಂದಿವೆ: ಬ್ಲೋವರ್ ಕೂಡಿಸ್ರಿ, ಹಳೇ ಟೈರ್ ಹಾಕ್ರಿ, ಹೊರದೇಶದ ಒಲೆಗಳಂತೆ ಚಿಮಣಿಗೆ ಕ್ಯಾಟಲಿಟಿಕ್ ಜೇನುಗೂಡು ಹಾಕ್ರಿ. ಮೂರನ್ನೂ ಸದ್ಯಕ್ಕೆ ಬದಿಗಿಡ್ರಿ. ನಿಮಗೆ ಉರುವಲು ಕಡಿಮೆ ಬಿದ್ದಿಲ್ಲ, ಹಾಕಿದ್ದು ಪೂರ್ತಿ ಉರಿಯುತ್ತಿಲ್ಲ. ಈ ಸ್ಥಿತಿಯಲ್ಲಿ ಇನ್ನಷ್ಟು ತುಂಬಿದರೆ ಇನ್ನಷ್ಟು ತಡವಾಗುತ್ತದೆ.

ಮೊದಲು ಲೆಕ್ಕ ನೋಡ್ರಿ, ಯಾಕಂದರೆ ಈ ಲೆಕ್ಕ ಗೊತ್ತಿದ್ದರೆ ತಪ್ಪು ಎಲ್ಲಿದೆ ಅಂತ ಹುಡುಕೋದು ಸುಲಭ. 700 ಲೀಟರ್ ಹಾಲು ಬರಲು ಮೂರು ರೋಲಿನ ಗಾಣದಲ್ಲಿ ಸುಮಾರು ಒಂದೂಕಾಲು ಟನ್ ಕಬ್ಬು ಬೇಕು. ಹಾಲಿನ ಬ್ರಿಕ್ಸ್ (ಹಾಲಿನಲ್ಲಿ ಕರಗಿದ ಸಕ್ಕರೆ ಅಂಶದ ಶೇಕಡಾ ಅಳತೆ) 18 ಇದ್ದರೆ ಕೊಳೆ ತೆಗೆದ ಮೇಲೆ 130 ಕೆಜಿ ಆಸುಪಾಸು ಬೆಲ್ಲ. ಅಂದರೆ 600 ಲೀಟರ್ ನೀರನ್ನು ಆವಿ ಮಾಡಿ ಕಳಿಸಬೇಕು. ಅದೇ ಕಬ್ಬಿನಿಂದ ಬರುವ ಹಸಿ ಸಿಪ್ಪೆ 500 ಕೆಜಿ, ಚೆನ್ನಾಗಿ ಒಣಗಿದರೆ 280 ಕೆಜಿ. ಸಾದಾ ಒಂದು ಕೊಪ್ಪರಿಗೆಯ ಒಲೆ ಒಂದು ಕೆಜಿ ಬೆಲ್ಲಕ್ಕೆ ಎರಡರಿಂದ ಎರಡೂಕಾಲು ಕೆಜಿ ಒಣ ಸಿಪ್ಪೆ ತಿನ್ನುತ್ತದೆ. ಗುಣಿಸಿದರೆ ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಗುತ್ತದೆ, ಉಳಿಕೆ ಏನೂ ಇಲ್ಲ. ಆದ್ದರಿಂದ ಒಲೆ ಸ್ವಲ್ಪ ಕೆಟ್ಟರೂ ಹೊರಗಿನ ಕಟ್ಟಿಗೆ ಕೊಳ್ಳೋದು ಶುರುವಾಗುತ್ತದೆ.

ಈಗ ನಿಮ್ಮ ಒಲೆಗೆ ಬರೋಣ. ಹೋದ ವರ್ಷ ಸರಿ ಇದ್ದ ಒಲೆ ಈ ವರ್ಷ ಕೆಟ್ಟಿದೆ ಅಂದರೆ ಅಳತೆ ತಪ್ಪಿದ್ದಲ್ಲ, ನಡುವೆ ಏನೋ ಬದಲಾಗಿದೆ. ನಡುವೆ ಬಂದದ್ದು ಮಳೆಗಾಲ. ಘಟಪ್ರಭೆ ದಂಡೆಯ ಹೊಲಗಳಲ್ಲಿ ನೆಲದಡಿಯ ಹೊಗೆ ಕಾಲುವೆಗೆ ನೀರು ಇಳಿದು, ಹೋದ ವರ್ಷದ ಹಾರುಬೂದಿ ಮತ್ತು ಮಣ್ಣು ಸೇರಿ ಹೂಳು ಕೂತಿರುತ್ತದೆ. ಮೇಲಿಂದ ಏನೂ ಕಾಣೋದಿಲ್ಲ. ಒಲೆ ಆರಿಸಿ ಒಂದು ದಿನ ತಣ್ಣಗಾಗಲು ಬಿಟ್ಟು, ಚಿಮಣಿ ಬುಡದ ಇಟ್ಟಿಗೆ ಬಿಚ್ಚಿ ಟಾರ್ಚ್ ಬಿಟ್ಟು ನೋಡ್ರಿ. ಕೊಪ್ಪರಿಗೆಯ ಹಿಂದಿನ ಕಂಡಿಯಿಂದ ಚಿಮಣಿವರೆಗೆ ಕಾಲುವೆಯ ಅಗಲ ಎತ್ತರ ಎಲ್ಲೂ ಕಿರಿದಾಗಿರಬಾರದು. ಮೂರರಲ್ಲಿ ಒಂದು ಭಾಗ ಹೂಳು ತುಂಬಿದ್ದರೂ ನಿಮ್ಮ ಒಂದೂವರೆ ತಾಸು ಹೋದದ್ದು ಅಲ್ಲಿಯೇ. ಪೂರ್ತಿ ತೆಗೆದು, ಬುಡದಲ್ಲಿ ಸಡಿಲ ಇಟ್ಟಿಗೆಯ ಒಂದು ಕಿಟಕಿ ಬಿಡ್ರಿ. ಮುಂದೆ ಹದಿನೈದು ದಿನಕ್ಕೊಮ್ಮೆ ಅಲ್ಲಿಂದಲೇ ಬೂದಿ ಎಳೆಯಬಹುದು. ಕಾಲುವೆ ತೇವವಾಗಿದ್ದರೆ ಮೊದಲ ಒಂದೆರಡು ದಿನ ಎಳೆತ, ಅಂದರೆ ಚಿಮಣಿ ಹೊಗೆಯನ್ನು ಮೇಲಕ್ಕೆ ಎಳೆಯುವ ಬಲ, ಕಡಿಮೆಯೇ ಇರುತ್ತದೆ. ಒಲೆ ಹಚ್ಚುವ ಮುಂಚೆ ಚಿಮಣಿ ಬುಡದ ಕಿಟಕಿಯಲ್ಲಿ ಒಂದು ಕಂತೆ ಒಣ ರವದಿ (ಕಬ್ಬಿನ ಒಣ ಎಲೆ) ಉರಿಸಿ, ಚಿಮಣಿ ಬಿಸಿಯಾದ ಮೇಲೆ ಒಲೆಗೆ ಬೆಂಕಿ ಕೊಡ್ರಿ. ಚಿಮಣಿಯೊಳಗಿನ ಹೊಗೆ ಬಿಸಿಯಾಗಿ ಹಗುರಾದಾಗ ಮಾತ್ರ ಎಳೆತ ಹುಟ್ಟುತ್ತದೆ. 25 ಅಡಿ ಚಿಮಣಿಯಲ್ಲಿ ಹೊಗೆ 350 ಡಿಗ್ರಿ ಇದ್ದರೂ ಸಿಗುವ ಎಳೆತ 4-5 ಮಿಲಿಮೀಟರ್ ನೀರಿನಷ್ಟೇ. ಅಷ್ಟು ಸಣ್ಣ ಬಲವನ್ನು ಒಂದು ಬಿರುಕು ಕೂಡ ಕೊಲ್ಲುತ್ತದೆ.

ಬಿರುಕು ಹುಡುಕಲು ಊದುಬತ್ತಿ ಸಾಕು. ಒಲೆ ಜೋರಾಗಿ ಉರಿಯುವಾಗ ಕೊಪ್ಪರಿಗೆಯ ಅಂಚು ಕಟ್ಟೆಯ ಮೇಲೆ ಕೂಡುವ ಜಾಗದ ಸುತ್ತ, ಕಾಲುವೆಯ ಮೇಲಿನ ಹಾಸುಗಲ್ಲಿನ ಸಂದಿನಲ್ಲಿ, ಚಿಮಣಿ ಬುಡದಲ್ಲಿ ಊದುಬತ್ತಿ ಹಿಡಿದು ನಿಧಾನ ಸಾಗ್ರಿ. ಹೊಗೆ ಒಳಗೆ ಎಳೆದುಕೊಂಡು ಹೋದಲ್ಲೆಲ್ಲ ತಣ್ಣನೆ ಗಾಳಿ ನುಗ್ಗುತ್ತಿದೆ ಅಂತ ಅರ್ಥ. ಆ ಗಾಳಿ ಬೆಂಕಿಗೆ ಸಿಗೋದಿಲ್ಲ, ಹೊಗೆಯನ್ನು ತಣ್ಣಗೆ ಮಾಡಿ ಎಳೆತ ಕೆಡಿಸುತ್ತದೆ, ಅಷ್ಟೇ. ಮೆತ್ತಲು ಎರೆ ಮಣ್ಣು ಬಳಸಬ್ಯಾಡ್ರಿ, ಒಣಗಿದ ಕೂಡಲೇ ಬಾಯಿ ಬಿಡುತ್ತದೆ. ಕೆಮ್ಮಣ್ಣು ಅಥವಾ ಹುತ್ತದ ಮಣ್ಣಿಗೆ ಸಗಣಿ, ಸಣ್ಣಗೆ ಕತ್ತರಿಸಿದ ಹೊಟ್ಟು ಸೇರಿಸಿ ಎರಡು ದಿನ ಕೊಳೆಹಾಕಿ ಮೆತ್ತಿದರೆ ಹಿಡಿದು ನಿಲ್ಲುತ್ತದೆ. ಬೆಂಕಿ ನೇರ ತಾಗುವ ಒಳಗೋಡೆಗೆ ಮಾತ್ರ ಫೈರ್ ಬ್ರಿಕ್ ಮತ್ತು ಅದಕ್ಕೆಂದೇ ಸಿಗುವ ಮಣ್ಣೇ ಬೇಕು. ಸಿಮೆಂಟ್ ಅಲ್ಲಿ ಉದುರಿಹೋಗುತ್ತದೆ.

ಮುಂದಿನದು ಕೆಳಗಾಳಿ. ಒಂದು ಕೆಜಿ ಒಣ ಸಿಪ್ಪೆ ಉರಿಯಲು ಲೆಕ್ಕಕ್ಕೆ 5 ಕೆಜಿ ಗಾಳಿ ಸಾಕು, ನಮ್ಮ ಒಲೆಗಳಲ್ಲಿ ಅದರ ಒಂದೂವರೆ ಪಟ್ಟು ಬೇಕು. ಮೂರು ತಾಸಿಗೆ 280 ಕೆಜಿ ಉರಿಸಬೇಕಾದರೆ ನಿಮಿಷಕ್ಕೆ ಒಂದೂವರೆ ಕೆಜಿ ಚಿಲ್ಲರೆ ಸಿಪ್ಪೆ, ಅದಕ್ಕೆ ನಿಮಿಷಕ್ಕೆ 10 ಘನ ಮೀಟರ್ ಗಾಳಿ. ಇಷ್ಟು ಗಾಳಿ ಚಿಮಣಿ ಎಳೆತದಿಂದಲೇ ಒಳಗೆ ಬರಬೇಕಾದರೆ ಬೂದಿ ಗುಂಡಿಯ ಬಾಯಿ ಕಡಿಮೆ ಅಂದರೂ ಒಂದು ಅಡಿ ಎತ್ತರ, ಒಂದೂವರೆ ಅಡಿ ಅಗಲ ತೆರೆದಿರಬೇಕು. ಗುಂಡಿಯಲ್ಲಿ ಅರ್ಧ ಬೂದಿ ಇದ್ದರೆ ಬಾಯಿ ಅರ್ಧವಾಯಿತು, ಗಾಳಿಯೂ ಅರ್ಧವಾಯಿತು. ಪ್ರತಿ ಅಡಿಗೆ ಇಳಿಸಿದ ಮೇಲೆ ಬೂದಿ ತೆಗೀರಿ, ದಿನಕ್ಕೊಮ್ಮೆ ಅಂತ ಇಟ್ಟುಕೊಳ್ಳಬ್ಯಾಡ್ರಿ. ಗುಂಡಿ ತೆಗೆದ ಮೇಲೆ ಕೆಳಗಿಂದ ಬಗ್ಗಿ ಮೇಲಕ್ಕೆ ನೋಡಿದರೆ ಸಿಪ್ಪೆ ಉರಿಯುವ ಬೀಡಿನ ಸರಳುಗಳ ಸಂದಿನಲ್ಲಿ ಕೆಂಡದ ಬೆಳಕು ಉದ್ದಕ್ಕೂ ಕಾಣಬೇಕು. ಕತ್ತಲೆ ಪಟ್ಟಿ ಕಂಡಲ್ಲಿ ಕಿಟ್ಟ (ಕರಗಿ ಗಟ್ಟಿಯಾದ ಬೂದಿ) ಕಟ್ಟಿದೆ. ಸಂದು 10-12 ಮಿಲಿಮೀಟರ್ ಇರಲಿ. ಕಿಟ್ಟಕ್ಕೆ ಕಾರಣ ಬಹಳ ಸಲ ರವದಿ. ಸಿಪ್ಪೆಯ ಬೂದಿ ಕಡಿಮೆ, ರವದಿಯ ಬೂದಿ ಹೆಚ್ಚು, ಅದರಲ್ಲಿನ ಪೊಟ್ಯಾಷ್ ಬಿಸಿಗೆ ಕರಗಿ ಮಣ್ಣಿನ ಜೊತೆ ಗಾಜಿನಂತೆ ಅಂಟಿಕೊಳ್ಳುತ್ತದೆ. ಬೆಂಕಿ ಹಚ್ಚಲು ರವದಿ ಬಳಸ್ರಿ, ಇಡೀ ಅಡಿಗೆ ಅದರ ಮೇಲೆ ತೆಗೆಯಬ್ಯಾಡ್ರಿ. ಉಳಿದದ್ದು ಹೊಲದಲ್ಲೇ ಸಾಲು ಬಿಟ್ಟು ಸಾಲು ಹಾಸಿದರೆ ಕುಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ಲಾಭ.

ನಿಮ್ಮ ಒಲೆಯಲ್ಲಿ ಸರಳುಗಳೇ ಇಲ್ಲದಿದ್ದರೆ, ಅಂದರೆ ಸಿಪ್ಪೆ ನೆಲದ ಮೇಲೇ ಉರಿಯುವ ಹಳೇ ಪದ್ಧತಿ ಇದ್ದರೆ, ಈ ಹಂಗಾಮು ಮುಗಿದ ಕೂಡಲೇ ಮಾಡಿಸಬೇಕಾದ ಮೊದಲ ಕೆಲಸ ಅದೇ.

ಸಿಪ್ಪೆಯ ಹಸಿ. ಇದರಲ್ಲಿ ಎಲ್ಲರೂ "ನಮ್ಮದು ಒಣಗಿದೆ" ಅಂತಲೇ ಹೇಳುತ್ತಾರೆ. ಗಾಣದಿಂದ ಬಿದ್ದ ಸಿಪ್ಪೆಯಲ್ಲಿ ಅರ್ಧ ನೀರು. ಅದನ್ನು ಹಾಗೇ ಉರಿಸಿದರೆ, ಶೇ. 10ಕ್ಕೆ ಒಣಗಿದ ಸಿಪ್ಪೆಯ ಅರ್ಧದಷ್ಟೂ ಶಾಖ ಕೈಗೆ ಸಿಗೋದಿಲ್ಲ, ಒಲೆಯ ಬಿಸಿಯೂ ಇಳಿದು ಹೊಗೆ ದಟ್ಟ ಬಿಳಿಯಾಗುತ್ತದೆ. ಪರೀಕ್ಷೆ ಹೀಗೆ: ರಾಶಿಯ ಮೇಲಿನದ್ದಲ್ಲ, ಮೊಣಕೈವರೆಗೆ ಕೈ ಹಾಕಿ ಒಳಗಿನ ಒಂದು ಕೆಜಿ ತೆಗೆದು ತೂಗ್ರಿ. ತಗಡಿನ ಮೇಲೆ ತೆಳ್ಳಗೆ ಹರಡಿ ಚಿಮಣಿ ಬುಡದ ಬಿಸಿಗೆ ಇಟ್ಟು, ತೂಕ ಇಳಿಯೋದು ನಿಂತ ಮೇಲೆ ಮತ್ತೆ ತೂಗ್ರಿ. 850 ಗ್ರಾಂ ಉಳಿದರೆ ತೇವ ಶೇ. 15, ನಡೆಯುತ್ತದೆ. 750 ಬಂದರೆ ಇನ್ನೂ ಬಿಸಿಲು ಬೇಕು. ತಕ್ಕಡಿ ಇಲ್ಲದವರು ತಿರುಚಿ ನೋಡ್ರಿ: ಒಣಗಿದ್ದು ಚಟ್ ಅಂತ ಮುರಿಯುತ್ತದೆ, ಹಸಿ ಇದ್ದದ್ದು ಬಾಗುತ್ತದೆ, ಒಳಗಿನ ಬೆಂಡು ಅಂಗೈಗೆ ತಣ್ಣಗೆ ತಾಗುತ್ತದೆ.

ಒಣಗಿಸೋದರಲ್ಲಿ ನಮ್ಮ ಭಾಗದಲ್ಲಿ ಆಗುವ ತಪ್ಪು ಹಗಲಿನದ್ದಲ್ಲ, ರಾತ್ರಿಯದ್ದು. ಡಿಸೆಂಬರ್, ಜನವರಿಯಲ್ಲಿ ಹಗಲಿನ ಬಿಸಿಲು ಸಾಕಷ್ಟಿರುತ್ತದೆ, ಆದರೆ ರಾತ್ರಿ ಇಬ್ಬನಿ ಬಿದ್ದು ತೆಳ್ಳಗೆ ಹರಡಿದ ಸಿಪ್ಪೆ ಹೀರಿಕೊಳ್ಳುತ್ತದೆ. ಸಂಜೆ ಐದಕ್ಕೆ ಗುಡ್ಡೆ ಮಾಡಿ ತಾಡಪಾಲು ಮುಚ್ಚಿ, ಮುಂಜಾನೆ ಇಬ್ಬನಿ ಆರಿದ ಮೇಲೆ ಮತ್ತೆ ಹರಡ್ರಿ, ಮಧ್ಯಾಹ್ನ ಒಮ್ಮೆ ತಿರುವಿ ಹಾಕ್ರಿ. ಮೂರು ನಾಲ್ಕು ದಿನ ಹೀಗೆ ಮಾಡಿದ ಸಿಪ್ಪೆಯೇ ಒಲೆಗೆ ಹೋಗಬೇಕು. ಅಂದರೆ ಕಣದಲ್ಲಿ ಯಾವಾಗಲೂ ನಾಲ್ಕು ದಿನದ ಸಿಪ್ಪೆ ಬೇರೆ ಬೇರೆ ಸಾಲಿನಲ್ಲಿ ಇರಬೇಕು, ಜಾಗ ಅಷ್ಟು ಬೇಕೇ ಬೇಕು. ಹಸಿ ಇರುವಾಗಲೇ ಎತ್ತರಕ್ಕೆ ಒಟ್ಟಿದರೆ ಒಳಗೆ ಹುಳಿತು ಬಿಸಿಯಾಗುತ್ತದೆ, ಸತ್ವ ಹೋಗುತ್ತದೆ, ಬಣವೆಗೆ ಬೆಂಕಿ ಬೀಳುವ ಅಪಾಯವೂ ಇದೆ.

ಇನ್ನು ಉರಿ ಹಾಕುವವರ ಕೈ. ಬಾಯಿ ತುಂಬ ಸಿಪ್ಪೆ ಒತ್ತಿ, ಬೀಡಿ ಸೇದಿ ಬಂದು ಮತ್ತೆ ಒತ್ತಿದರೆ ಯಾವ ಒಲೆಯೂ ಕಪ್ಪು ಹೊಗೆಯನ್ನೇ ಬಿಡುತ್ತದೆ. ನಿಮಿಷಕ್ಕೆ ಒಂದೂವರೆ ಕೆಜಿ ಅಂದರೆ ಅರ್ಧ ಕೆಜಿಯ ಹಿಡಿ ಇಪ್ಪತ್ತು ಸೆಕೆಂಡಿಗೊಮ್ಮೆ, ಸಡಿಲಾಗಿ ಚೆಲ್ಲಿದಂತೆ. ಚಿಮಣಿ ನೋಡುತ್ತ ಹಾಕಲು ಕಲಿಸ್ರಿ. ಹಾಕಿದಾಗ ಸ್ವಲ್ಪ ಬೂದು ಹೊಗೆ, ಹತ್ತು ಸೆಕೆಂಡಿಗೆ ತಿಳಿಯಾದರೆ ಸರಿ. ಕಪ್ಪಾಗೇ ಉಳಿದರೆ ಒಂದು ಹಿಡಿ ಬಿಟ್ಟು ಹಾಕಬೇಕು. ಕಿಡಿ ಮತ್ತು ಅರ್ಧ ಸುಟ್ಟ ಬೆಂಡು ಚಿಮಣಿಯಿಂದ ಹಾರುತ್ತಿದ್ದರೆ ಎಳೆತ ಹೆಚ್ಚಾಗಿದೆ, ಕಾಲುವೆಯಲ್ಲಿ ಹೊಗೆಯ ದಾರಿ ಕಿರಿದು ಮಾಡುವ ಡ್ಯಾಂಪರ್ ತಗಡನ್ನು ಸ್ವಲ್ಪ ಇಳಿಸ್ರಿ. ಒಲೆಯ ಬಾಯಿಗೆ ಕೀಲಿನ ತಗಡು ಮುಚ್ಚಳ ಮಾಡಿಸಿ, ಹಾಕುವಾಗ ಮಾತ್ರ ತೆರೀರಿ. ಬಾಯಿ ಸದಾ ತೆರೆದಿದ್ದರೆ ಗಾಳಿ ಕೆಳಗಿನಿಂದ ಬರದೆ ಅಲ್ಲಿಂದಲೇ ನುಗ್ಗಿ ಕೊಪ್ಪರಿಗೆಯ ತಳಕ್ಕೆ ತಣ್ಣಗೆ ಬಡಿಯುತ್ತದೆ. ಮುಚ್ಚಳದಲ್ಲಿ ಒಂದು ಇಂಚಿನ ನಾಲ್ಕಾರು ತೂತು ಇರಲಿ, ಮೇಲೆ ತೇಲುವ ಹೊಗೆ ಹತ್ತಿಕೊಳ್ಳಲು ಆ ಗಾಳಿ ಬೇಕು. ಜಾಲಿ ಕಟ್ಟಿಗೆ ಹಾಕುವುದೇ ಆದರೆ ಮಣಿಕಟ್ಟಿನ ದಪ್ಪಕ್ಕೆ ಸೀಳಿ ಶುರುವಿನಲ್ಲಿ ಕೆಂಡ ಕಟ್ಟಲು ಹಾಕ್ರಿ, ತೊಲೆಗಳನ್ನು ನೂಕಿದರೆ ಸರಳುಗಳ ಗಾಳಿ ಅಡ್ಡಗಟ್ಟುತ್ತದೆ.

ಕೊಪ್ಪರಿಗೆಯ ತಳ ಎತ್ತಿ ನೋಡಿ ಎಷ್ಟು ದಿನ ಆಯಿತು? ಕಪ್ಪು ಹೊಗೆ ಬಿಟ್ಟ ಒಲೆಯ ಕೊಪ್ಪರಿಗೆಗೆ ಮಸಿಯ ಪದರ ಕೂತಿರುತ್ತದೆ, ಅದು ಶಾಖ ತಡೆಯುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ ಕಬ್ಬಿಣ ಕಾಣುವಂತೆ ಮಾಡ್ರಿ. ಒಳಗಡೆ ಸುಣ್ಣದ ಕಲ್ಲು ಕಟ್ಟಿದ್ದರೆ ಅದನ್ನೂ ತೆಗೀರಿ, ಬೆಲ್ಲ ತಳ ಹಿಡಿದು ಕಪ್ಪಾಗೋದಕ್ಕೆ ಅದೂ ಒಂದು ಕಾರಣ. ಆಮೇಲೆ ಆ ಬಣ್ಣ ಮುಚ್ಚಲು ಹೈಡ್ರೋಸ್ (ಬಣ್ಣ ಬಿಳಿಚಿಸುವ ರಾಸಾಯನಿಕ) ಸುರಿಯೋದು. ಒಲೆಯ ತಪ್ಪಿಗೆ ತಿನ್ನುವವರು ಯಾಕೆ ದಂಡ ತೆರಬೇಕು?

ಈಗ ಮೂರು ಮದ್ದುಗಳು. ಬ್ಲೋವರ್: ಕಾಲುವೆ ಕಟ್ಟಿರುವಾಗ ಕೂಡಿಸಿದರೆ ಹೊಗೆ ಇನ್ನೂ ಜೋರಾಗಿ ಬಾಯಿಂದ ಹೊರಗೆ ಬರುತ್ತದೆ, ಉರಿ ಹಾಕುವವರ ಮುಖ ಸುಡುತ್ತದೆ. ಕಾಲುವೆ, ಸರಳು, ಸಿಪ್ಪೆ ಮೂರೂ ಸರಿಯಾದ ಮೇಲೆ ಬೇಕೆನಿಸಿದರೆ ಬೂದಿ ಗುಂಡಿಗೆ ಸಣ್ಣದೊಂದು, ವಾಲ್ವ್ ಸಹಿತ. ಬಹಳ ಗಾಣಗಳಿಗೆ ಆಗ ಬೇಕೆನಿಸೋದೇ ಇಲ್ಲ.

ಟೈರ್ ಬ್ಯಾಡ. ಗಂಧಕ, ಸತು ತುಂಬಿದ ಮಸಿ ತೆರೆದ ಕೊಪ್ಪರಿಗೆಗೇ ಉದುರುತ್ತದೆ, ಅದನ್ನು ಮನುಷ್ಯರು ತಿನ್ನುತ್ತಾರೆ. ಮಹಾಲಿಂಗಪುರ ಪೇಟೆಯಲ್ಲಿ ಬಣ್ಣ, ವಾಸನೆ ನೋಡಿಯೇ ದರ ಕಟ್ಟುವುದು, ಅಲ್ಲಿಯೂ ಹೊಡೆತ.

ಕ್ಯಾಟಲಿಟಿಕ್ ಜೇನುಗೂಡಿನ ಬಗ್ಗೆ ಕೇಳಿದವರಿಗೆ: ಅದು ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಒಲೆಗಳಲ್ಲಿ ಇರುವ ಭಾಗ. ಸಣ್ಣ ಕಣ್ಣುಗಳ ಸೆರಾಮಿಕ್ ಬಿಲ್ಲೆಗೆ ಪ್ಲಾಟಿನಂ, ಪಲ್ಲಾಡಿಯಂ ಲೇಪ ಇರುತ್ತದೆ. ಹೊಗೆ ಸುಮಾರು 260 ಡಿಗ್ರಿ ಮುಟ್ಟಿದ ಮೇಲೆ ಬೈಪಾಸ್ ಬಾಗಿಲು ಮುಚ್ಚಿ ಹೊಗೆಯನ್ನು ಅದರ ಮೂಲಕ ಹಾಯಿಸಿದರೆ, ಸಾಮಾನ್ಯವಾಗಿ ಹತ್ತದ ಹೊಗೆ ಕೂಡ ಅಲ್ಲಿ ಉರಿಯುತ್ತದೆ. ನಿಧಾನ ಉರಿಯುವ ಮುಚ್ಚಿದ ಒಲೆಗೆ ಅದು ಸರಿ. ಗಾಣದ ಹೊಗೆಯಲ್ಲಿ ಹಾರುವ ಬೂದಿಗೆ ಆ ಕಣ್ಣುಗಳು ಬೇಗ ಕಟ್ಟಿ, ಇದ್ದ ಎಳೆತವೂ ಹೋಗುತ್ತದೆ. ಟೈರ್, ಪ್ಲಾಸ್ಟಿಕ್, ಬಣ್ಣದ ಕಟ್ಟಿಗೆ ಉರಿಸಿದರೆ ಲೇಪವೇ ಸಾಯುತ್ತದೆ. ಆ ಒಲೆಗಳು ಕೈಕೊಟ್ಟಾಗಲೂ ಅಲ್ಲಿನವರು ನೋಡೋದು ಇದೇ ಸಂಗತಿಗಳನ್ನು: ಕಟ್ಟಿಗೆಯ ತೇವ ಶೇ. 20ರ ಒಳಗಿದೆಯೇ, ಬಾಗಿಲಿನ ಗ್ಯಾಸ್ಕೆಟ್ ಸೋರುತ್ತದೆಯೇ, ಬೈಪಾಸ್ ಸರಿಯಾಗಿ ಮುಚ್ಚುತ್ತದೆಯೇ, ಕಣ್ಣುಗಳಲ್ಲಿ ಬೂದಿ ಇದೆಯೇ, ಚಿಮಣಿ ಎಳೆಯುತ್ತದೆಯೇ.

ದುಡ್ಡು ಹಾಕುವುದೇ ಆದರೆ ಕಾಲುವೆಯ ಮೇಲೆ, ಚಿಮಣಿಗಿಂತ ಮುಂಚೆ, ಇನ್ನೊಂದು ಸಣ್ಣ ಕೊಪ್ಪರಿಗೆ ಕೂಡಿಸ್ರಿ. ಪೋಲಾಗುವ ಬಿಸಿಯಲ್ಲಿ ಮುಂದಿನ ಅಡಿಗೆಯ ಹಾಲು 80 ಡಿಗ್ರಿವರೆಗೆ ಕಾಯುತ್ತದೆ, ಅಡಿಗೆಗೆ ಬೇಕಾದ ಶಾಖದಲ್ಲಿ ಹತ್ತರಲ್ಲೊಂದು ಪಾಲು ಹೀಗೆ ಪುಕ್ಕಟೆ ಬರುತ್ತದೆ. ಆದರೆ ಬಿಸಿ ಹಾಲನ್ನು ತಾಸುಗಟ್ಟಲೆ ಅಲ್ಲೇ ನಿಲ್ಲಿಸಬ್ಯಾಡ್ರಿ, ಸಕ್ಕರೆ ಒಡೆದು ಬೆಲ್ಲದ ಪೆಂಟೆ ಗಟ್ಟಿ ನಿಲ್ಲೋದಿಲ್ಲ. ಚಿಮಣಿ ಗಿಡ್ಡ ಇದ್ದರೆ ಇದಕ್ಕೂ ಮುಂಚೆ ಅದನ್ನು ಎತ್ತರಿಸಬೇಕು, ಯಾಕಂದರೆ ಹೊಗೆ ತಣ್ಣಗಾದಷ್ಟೂ ಎಳೆತ ಇಳಿಯುತ್ತದೆ.

ಒಲೆ ಸರಿಯಾದ ಮೇಲೆ ಒಂದು ಎಚ್ಚರ: ಉರಿ ಈಗಿನದ್ದಕ್ಕಿಂತ ಜೋರಿರುತ್ತದೆ, ಕೊನೆಯ ಅರ್ಧ ತಾಸಿನಲ್ಲಿ ಹಳೇ ಅಂದಾಜು ನಡೆಯೋದಿಲ್ಲ. ಪಾಕ 110 ಡಿಗ್ರಿ ದಾಟಿದ ಕೂಡಲೇ ಉರಿ ಇಳಿಸಿ, ಅಚ್ಚಿನ ಬೆಲ್ಲಕ್ಕೆ 116ರಿಂದ 118ರೊಳಗೆ ಇಳಿಸ್ರಿ. ಥರ್ಮಾಮೀಟರನ್ನು ಮೊದಲು ಕುದಿಯುವ ನೀರಿನಲ್ಲಿಟ್ಟು ನೋಡ್ರಿ. ನಮ್ಮ ಎತ್ತರದಲ್ಲಿ 98 ಆಸುಪಾಸು ತೋರಿಸಬೇಕು. 102 ತೋರಿಸಿದರೆ ಪಾಕದಲ್ಲೂ ಆ ನಾಲ್ಕು ಡಿಗ್ರಿ ಕಳೆದು ಓದ್ರಿ.

ಚಿಮಣಿ ಎತ್ತರ, ಬೂದಿ ಗುಂಡಿಯ ಬಾಯಿಯ ಅಳತೆ, ಸರಳು ಇದೆಯೋ ಇಲ್ಲವೋ, ಕಾಲುವೆಯೊಳಗಿನ ಒಂದು ಫೋಟೋ ಇಷ್ಟು ಹಾಕ್ರಿ. ಸಣ್ಣ ಕೊಪ್ಪರಿಗೆ ಎಲ್ಲಿ ಕೂಡಿಸಬೇಕು ಅನ್ನೋದನ್ನ ಅದನ್ನು ನೋಡಿಯೇ ಹೇಳಬೇಕಾಗುತ್ತದೆ.