ಕಾನೂನು ಸಲಹೆ: ಗುತ್ತಿಗೆಗೆ ಕೊಟ್ಟ ಹೊಲದಲ್ಲಿ ಗಾಂಜಾ ಬೆಳೆದರೆ ಮಾಲೀಕರೂ ಅಪರಾಧಿಯೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಖಾಸಗಿ ನೌಕರಿಯಲ್ಲಿದ್ದೇನೆ. ಚಾಮರಾಜನಗರ ಜಿಲ್ಲೆಯಲ್ಲಿರುವ ನನ್ನ ಎರಡು ಎಕರೆ ಹೊಲವನ್ನು ಊರಿನವರೊಬ್ಬರಿಗೆ ಬಾಯಿಮಾತಿನಲ್ಲೇ ಗುತ್ತಿಗೆಗೆ ಕೊಟ್ಟಿದ್ದೆ. ಅವರು ಮುಸುಕಿನ ಜೋಳದ ಸಾಲುಗಳ ನಡುವೆ ಗಾಂಜಾ ಹಾಕಿದ್ದರಂತೆ. ಅಧಿಕಾರಿಗಳು ಗಿಡಗಳನ್ನು ಬೇರುಸಹಿತ ಕಿತ್ತು, ತೂಕ 23 ಕೆ.ಜಿ. ಎಂದು ಮಹಜರಿನಲ್ಲಿ ಬರೆದಿದ್ದಾರೆ. ಪಹಣಿಯಲ್ಲಿ ನನ್ನ ಹೆಸರಿರುವುದರಿಂದ ನಾನು ಎರಡನೇ ಆರೋಪಿ. 20 ಕೆ.ಜಿ. ದಾಟಿದರೆ ಕನಿಷ್ಠ 10 ವರ್ಷ ಸಜೆ, ಜಾಮೀನೂ ಸಿಗುವುದಿಲ್ಲ ಎನ್ನುತ್ತಾರೆ. ನಿಜವೇ?
— ಹೆಸರು ಬೇಡ

ಉತ್ತರ: ನಿಮಗೆ ಹಾಗೆ ಹೇಳಿದವರು ಎರಡು ಬೇರೆ ಬೇರೆ ಅಪರಾಧಗಳನ್ನು ಒಂದರೊಳಗೊಂದು ಸೇರಿಸಿಬಿಟ್ಟಿದ್ದಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ) 8(ಬಿ) ಕಲಂ ಗಾಂಜಾ ಗಿಡದ ಸಾಗುವಳಿಯನ್ನು ನಿಷೇಧಿಸುತ್ತದೆ. ಅದನ್ನು ಮೀರಿದವರಿಗೆ 20(ಎ) ಕಲಂ ಪ್ರಕಾರ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. ಇಲ್ಲಿ ಕನಿಷ್ಠ ಶಿಕ್ಷೆ ಎಂಬುದಿಲ್ಲ, ತೂಕದ ಲೆಕ್ಕವೂ ಇಲ್ಲ. 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ ಎಂಬ ಗಡಿಗಳು ಅನ್ವಯಿಸುವುದು ಗಾಂಜಾವನ್ನು ಇಟ್ಟುಕೊಳ್ಳುವ, ಸಾಗಿಸುವ, ಮಾರುವ ಅಪರಾಧಗಳಿಗೆ. 10ರಿಂದ 20 ವರ್ಷಗಳ ಸಜೆಯಾಗಲಿ, ಜಾಮೀನನ್ನು ಬಹಳ ಕಷ್ಟವಾಗಿಸುವ 37ನೇ ಕಲಮಿನ ಷರತ್ತುಗಳಾಗಲಿ ಬರುವುದು ಆ ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ.

ಹೀಗಿದ್ದರೂ ಹೊಲದಿಂದ ಕಿತ್ತ ಗಿಡಗಳ ಒಟ್ಟು ತೂಕವನ್ನೇ ಗಾಂಜಾದ ತೂಕವೆಂದು ತೋರಿಸಿ, ಇಟ್ಟುಕೊಳ್ಳುವ, ಸಾಗಿಸುವ, ಮಾರುವ ಅಪರಾಧಗಳ 20(ಬಿ) ಕಲಮನ್ನೂ ಸೇರಿಸುವುದುಂಟು. ಆದ್ದರಿಂದ ಎಫ್‌ಐಆರ್ ಪ್ರತಿ ಪಡೆದು ಯಾವ ಉಪಕಲಂ ಹಾಕಿದ್ದಾರೆಂದು ಮೊದಲು ನೋಡಿ. ಕಾಯ್ದೆಯ ವ್ಯಾಖ್ಯಾನದಂತೆ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಮಾತ್ರ. ತುದಿಯಿಂದ ಬೇರ್ಪಟ್ಟ ಎಲೆ, ಬೀಜಗಳು ಅದರಲ್ಲಿ ಸೇರುವುದಿಲ್ಲ. ಬೇರು, ಕಾಂಡ, ಅಂಟಿದ ಹಸಿ ಮಣ್ಣು ಎಲ್ಲವನ್ನೂ ತಕ್ಕಡಿಗಿಟ್ಟು 23 ಕೆ.ಜಿ. ಎಂದು ಬರೆದಿದ್ದರೆ ಅಷ್ಟೂ ಗಾಂಜಾ ಆಗದು. ಈ ವಾದವನ್ನು ಪರಿಗಣಿಸಿ ಹೈಕೋರ್ಟ್‌ಗಳು ಜಾಮೀನು ನೀಡಿದ ನಿದರ್ಶನಗಳಿವೆ. ನಿಮ್ಮನ್ನು ಇನ್ನೂ ಬಂಧಿಸಿಲ್ಲದಿದ್ದರೆ ನಿರೀಕ್ಷಣಾ ಜಾಮೀನಿನ ಅರ್ಜಿಯಲ್ಲಿ ಇದೇ ಮೊದಲ ಅಂಶವಾಗಬೇಕು.

ಇನ್ನು ಮಾಲೀಕರ ಹೊಣೆ. ಪಹಣಿಯಲ್ಲಿ ಹೆಸರಿದೆ ಎಂದಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಅಲಖ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆರೋಪಿಯ ಜಮೀನಿನಲ್ಲಿ ಕೆಲವು ಗಿಡಗಳು ಕಂಡುಬಂದರೆ ಸಾಲದು, ಅವುಗಳನ್ನು ಅವನೇ ಬೆಳೆಸಿದನೆಂದು ಸಾಬೀತಾಗಬೇಕು ಎಂದಿದೆ. ಆದರೆ 54ನೇ ಕಲಂ, ಆರೋಪಿಯು ಸಾಗುವಳಿ ಮಾಡಿದ ಭೂಮಿಯಲ್ಲಿ ಬೆಳೆದಿರುವ ಗಿಡದ ಬಗ್ಗೆ ಅವನ ವಿರುದ್ಧವೇ ಊಹಿಸಲು ಅವಕಾಶ ಕೊಡುತ್ತದೆ. ಹೀಗಾಗಿ ಪಹಣಿಯ 9ನೇ ಕಾಲಂನ ಮಾಲೀಕರ ಹೆಸರಿಗಿಂತ 12ನೇ ಕಾಲಂನ ಸಾಗುವಳಿದಾರರ ಹೆಸರು ನಿಮ್ಮ ಪ್ರಕರಣದಲ್ಲಿ ಹೆಚ್ಚು ತೂಗುತ್ತದೆ. ಬಹುಪಾಲು ಪಹಣಿಗಳಲ್ಲಿ ಎರಡೂ ಕಡೆ ಮಾಲೀಕರ ಹೆಸರೇ ಇರುತ್ತದೆ ಎಂಬುದೇ ತೊಡಕು. ಗೊತ್ತಿದ್ದೂ ಜಮೀನನ್ನು ಇಂಥ ಕೃತ್ಯಕ್ಕೆ ಬಿಟ್ಟುಕೊಟ್ಟ ಮಾಲೀಕರಿಗೆ 25ನೇ ಕಲಂ ಬೆಳೆದವರಷ್ಟೇ ಶಿಕ್ಷೆ ವಿಧಿಸುತ್ತದೆ, ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದವರು 46ನೇ ಕಲಮಿನಡಿ ಹೊಣೆಗಾರರಾಗುತ್ತಾರೆ. ಆರೋಪಿಗೆ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸಬೇಕೆಂದು 35ನೇ ಕಲಂ ಹೇಳುವುದರಿಂದ, ಗೊತ್ತಿರಲಿಲ್ಲವೆಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳಬಹುದು.

ಅದನ್ನು ತೋರಿಸಲು ಗುತ್ತಿಗೆ ಹಣ ಬ್ಯಾಂಕಿನ ಮೂಲಕ ಬಂದ ದಾಖಲೆ, ಬೆಳೆ ಸಮೀಕ್ಷೆಯ ಚಿತ್ರ ಹಾಗೂ ವಿವರ, ನೀವು ಬೆಂಗಳೂರಿನಲ್ಲೇ ಕೆಲಸದಲ್ಲಿದ್ದ ಹಾಜರಾತಿ, ಅಕ್ಕಪಕ್ಕದ ಹೊಲದವರ ಸಾಕ್ಷ್ಯ ನೆರವಾಗುತ್ತವೆ. ಒಂದು ಇಕ್ಕಟ್ಟನ್ನು ಮಾತ್ರ ಮುಚ್ಚಿಡಲಾರೆ: ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದನ್ನೇ ನಿಷೇಧಿಸಿದೆ. ನಮ್ಮ ಹಳ್ಳಿಗಳಲ್ಲಿ ಗುತ್ತಿಗೆ, ವಾರ (ಬೆಳೆಯ ಪಾಲು) ಎಲ್ಲ ಬಾಯಿಮಾತಿನಲ್ಲಿ ನಡೆಯಲು ಇದೂ ಒಂದು ಕಾರಣ. ಗುತ್ತಿಗೆಯನ್ನು ಒಪ್ಪಿಕೊಂಡರೆ ಜಮೀನಿನ ಮೇಲೆ ಏನು ಪರಿಣಾಮವಾದೀತೆಂದು ವಕೀಲರೊಂದಿಗೆ ಮೊದಲೇ ಚರ್ಚಿಸಿ, ಆದರೆ ಆ ಭಯಕ್ಕೆ ಗುತ್ತಿಗೆಯನ್ನೇ ನಿರಾಕರಿಸಿದರೆ ಸಾಗುವಳಿ ನಿಮ್ಮದೇ ಎಂದು ಒಪ್ಪಿಕೊಂಡಂತಾಗುತ್ತದೆ.

ಒಂದು ವೇಳೆ ಅಪರಾಧ ಸಾಬೀತಾದರೆ, ಗಿಡಗಳ ಸಂಖ್ಯೆ, ವಯಸ್ಸು, ಹಿಂದಿನ ನಡತೆಗಳನ್ನು ನೋಡಿ 10 ವರ್ಷಗಳೊಳಗೆ ಎಷ್ಟು ಸಜೆ ಎಂಬುದನ್ನು ನ್ಯಾಯಾಧೀಶರು ನಿರ್ಧರಿಸುತ್ತಾರೆ. ಮೊದಲ ತಪ್ಪೆಂದು ಸನ್ನಡತೆಯ ಮೇಲೆ ಬಿಡುವ ಅವಕಾಶವನ್ನು ವಯಸ್ಕರಿಗೆ ಈ ಅಪರಾಧದಲ್ಲಿ 33ನೇ ಕಲಂ ಕೊಡುವುದಿಲ್ಲ.

ಪ್ರಶ್ನೆ: ಭಂಗಿ ಸೊಪ್ಪು ಗಾಂಜಾ ಅಲ್ಲವೆಂದು ಓದಿದ್ದೇನೆ. ಮನೆಯ ಕುಂಡದಲ್ಲಿ ಒಂದೇ ಗಿಡ ಬೆಳೆಸಬಹುದೇ?
— ಓದುಗ, ಹುಬ್ಬಳ್ಳಿ

ಉತ್ತರ: ಬೆಳೆಸಬಾರದು. ಎಲೆಗೆ ಸಿಕ್ಕ ವಿನಾಯಿತಿ ಗಿಡಕ್ಕೆ ಸಿಕ್ಕಿಲ್ಲ, ಕುಂಡದ ಒಂದು ಗಿಡಕ್ಕೂ 20(ಎ) ಕಲಂ ಅನ್ವಯಿಸುತ್ತದೆ. ಉತ್ತರಾಖಂಡದಲ್ಲಿ ನಾರು, ಬೀಜಗಳಿಗಾಗಿ ಅಮಲಿನ ಅಂಶ ತೀರಾ ಕಡಿಮೆಯಿರುವ ತಳಿಯನ್ನು ಬೆಳೆಯುವುದು ಸರ್ಕಾರದ ಪರವಾನಗಿಯ ಮೇಲೆ. ಅದನ್ನು ತೋರಿಸಿ ಇಲ್ಲಿ ಯಾರೂ ಪಾರಾಗಲಾರರು.