ಗವರ್ನರ್ ಚುನಾವಣೆಗೆ ‘ಗೂಬರ್ನಟೋರಿಯಲ್’ ಅನ್ನೋದ್ಯಾಕೆ?

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. 2025ರ ನವೆಂಬರ್‌ನಲ್ಲಿ ಫೋನ್ ಮಾಡಿದಾಗ ‘ಇಲ್ಲಿ ಗೂಬರ್ನಟೋರಿಯಲ್ ಎಲೆಕ್ಷನ್ ಗಲಾಟೆ’ ಅಂದಳು. ನಿಘಂಟಿನಲ್ಲಿ ‘ರಾಜ್ಯಪಾಲರಿಗೆ ಸಂಬಂಧಿಸಿದ’ ಅಂತಿದೆ. ರಾಜ್ಯಪಾಲರಿಗೆ ಎಂಥ ಚುನಾವಣೆ? ಗವರ್ನರ್‌ನಲ್ಲಿರೋ ‘ವ’ ಇಲ್ಲಿ ‘ಬ’ ಆಗಿದ್ದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಮಗಳು ಹೇಳಿದ್ದು ಸರಿ, ಎಡವಟ್ಟು ಮಾಡಿದ್ದು ನಿಘಂಟು. ನಾನು ಪತ್ರಿಕೆಯ ಡೆಸ್ಕ್‌ನಲ್ಲಿದ್ದಾಗ ಏಜೆನ್ಸಿ ಸುದ್ದಿಯಲ್ಲಿ ಈ ಪದ ಬಂತೆಂದರೆ, ಹೊಸ ಹುಡುಗರು ‘ರಾಜ್ಯಪಾಲರ ಚುನಾವಣೆ’ ಅಂತ ಬರೆದು ತಂದಿಡುತ್ತಿದ್ದರು. ಕೆಂಪು ಪೆನ್ನಿನಲ್ಲಿ ಹೊಡೆದು ‘ಗವರ್ನರ್ ಚುನಾವಣೆ’ ಅಂತ ತಿದ್ದುತ್ತಿದ್ದೆ. ಇಂಗ್ಲಿಷ್ ಉಳಿಸಿಕೊಂಡರೇ ಇಲ್ಲಿ ಅರ್ಥ ಕೆಡೋದಿಲ್ಲ.

ನಮ್ಮ ರಾಜ್ಯಪಾಲರನ್ನು 155ನೇ ವಿಧಿಯ ಪ್ರಕಾರ ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದ 50 ರಾಜ್ಯಗಳಲ್ಲೂ ಗವರ್ನರನ್ನು ಆರಿಸೋದು ಮತದಾರರೇ. ಮುಖ್ಯಮಂತ್ರಿ ಅನ್ನೋ ಹುದ್ದೆಯೇ ಅಲ್ಲಿಲ್ಲ. ಆಡಳಿತ ನಡೆಸೋದು, ಮಸೂದೆಗೆ ಸಹಿ ಹಾಕೋದು, ಬೇಡವಾದರೆ ವಾಪಸ್ ಕಳಿಸೋದು ಎಲ್ಲಾ ಅವರೇ. ಅಂದ್ರೆ ನಮ್ಮ ವಿಧಾನಸೌಧದ ಮೂರನೇ ಮಹಡಿಯಲ್ಲಿ ಕೂರುವವರಿಗೇ ಹೆಚ್ಚು ಹತ್ತಿರ. ಅಂದಹಾಗೆ, ನಮ್ಮ ಸಂವಿಧಾನ ಸಭೆಯೂ ಮೊದಲು ಚುನಾಯಿತ ಗವರ್ನರ್ ಬೇಕು ಅಂದುಕೊಂಡಿತ್ತು. ಮುಖ್ಯಮಂತ್ರಿಯೂ ಜನರಿಂದ ಬಂದವರು, ಗವರ್ನರೂ ಜನರಿಂದ ಬಂದವರು ಅಂದ್ರೆ ಜಗಳ ತಪ್ಪಿದ್ದಲ್ಲ ಅಂತ 1949ರಲ್ಲಿ ಆ ಯೋಚನೆ ಕೈಬಿಟ್ಟರು. ಜಗಳವಂತೂ ತಪ್ಪಲಿಲ್ಲ, ಅದು ಬೇರೆ ಮಾತು.

ಇನ್ನು ‘ಬ’. ಗ್ರೀಕ್‌ನಲ್ಲಿ ‘ಕುಬೆರ್ನಾನ್’ ಅಂದ್ರೆ ಹಡಗು ನಡೆಸೋದು. ಲ್ಯಾಟಿನ್‌ನಲ್ಲಿ ಅದು ‘ಗುಬೆರ್ನಾರೆ’ ಆಯಿತು, ನಡೆಸುವವನು ‘ಗುಬೆರ್ನಾಟೋರ್’. ‘ರಾಜ್ಯದ ಚುಕ್ಕಾಣಿ ಹಿಡಿದರು’ ಅಂತ ನಾವು ಹೆಡ್‌ಲೈನ್ ಕೊಡ್ತೀವಲ್ಲ, ಅದೇ ಚುಕ್ಕಾಣಿ. ಫ್ರೆಂಚರ ಬಾಯಲ್ಲಿ ‘ಬ’ ಹೋಗಿ ‘ವ’ ಆಯಿತು. ಇಂಗ್ಲಿಷಿನವರು ‘ಗವರ್ನರ್’ ಪದವನ್ನು ಫ್ರೆಂಚರಿಂದ ತಗೊಂಡರು. ಗೂಬರ್ನಟೋರಿಯಲ್ ಬಂದಿದ್ದು ಎಷ್ಟೋ ಕಾಲದ ಮೇಲೆ, 18ನೇ ಶತಮಾನದಲ್ಲಿ, ನೇರ ಲ್ಯಾಟಿನ್‌ನಿಂದ. ಹಾಗಾಗಿ ಹಳೆಯ ‘ಬ’ ಉಳಿದುಕೊಂಡಿತು. ನಮ್ಮಲ್ಲಿ ಇದೇ ಉಲ್ಟಾ ನಡೆದಿದೆ: ವರ್ಣ ಬಣ್ಣವಾಯಿತು, ವನ ಬನವಾಯಿತು. ಎರಡೂ ರೂಪ ಇಟ್ಟುಕೊಂಡು ಬಳಸ್ತಾ ಇದ್ದೀವಿ, ಅಲ್ವಾ?

ಈ ಪದ ಕೇಳಿ ಅಮೆರಿಕನ್ನರಿಗೂ ನಗು ಬರುತ್ತೆ. ದಕ್ಷಿಣದ ರಾಜ್ಯಗಳಲ್ಲಿ ‘ಗೂಬರ್’ ಅಂದ್ರೆ ಕಡಲೆಕಾಯಿ. 1971ರಿಂದ 1975ರವರೆಗೆ ಜಾರ್ಜಿಯಾದ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್ ಕಡಲೆಕಾಯಿ ಬೆಳೆಯುತ್ತಿದ್ದವರೇ.

ನ್ಯೂಹ್ಯಾಂಪ್‌ಶೈರ್ ಮತ್ತು ವರ್ಮಾಂಟ್‌ನಲ್ಲಿ ಗವರ್ನರ್ ಅವಧಿ ಎರಡೇ ವರ್ಷ, ಉಳಿದ ಕಡೆ ನಾಲ್ಕು. ನ್ಯೂಜೆರ್ಸಿಯಲ್ಲಿ ಈ ಸಲ ಗೆದ್ದವರು ಮಿಕಿ ಶೆರಿಲ್. ಅಲ್ಲಿ ಮುಂದಿನ ಗವರ್ನರ್ ಚುನಾವಣೆ 2029ಕ್ಕೆ.